ನಾನು ಬರೆದ ಮುಖ

ಮೈಸೂರಿನ ಸರಸ್ವತಿಪುರಂ ದಾಟಿದರೆ ಹಿನಕಲ್‌ವರೆಗೂ ಬರೀ ಹೊಲಗಳೇ ಇದ್ದ ಕಾಲ ಅದು. ಅವರೆಕಾಯಿ ಶುರುವಾಯಿತೆಂದರೆ ನಮ್ಮ ಮಿಡ್ಲ್ ಸ್ಕೂಲಿನ ತುಂಬ ಅದರ ಸೊಗಡೇ. ಯಾರ ಡಬ್ಬಿ ತೆಗೆದರೂ ಅವರೆಕಾಳು ಉಪ್ಪಿಟ್ಟು, ಇಲ್ಲವೇ ಅವರೆಕಾಳು ರೊಟ್ಟಿ. ಆಗ ಮಕ್ಕಳಾಗಿದ್ದವರಿಗೆ ಆ ವಾಸನೆಯನ್ನು ನಾನು ವರ್ಣಿಸಬೇಕಾಗಿಲ್ಲ. ನನಗಂತೂ ಈಗ ಅದು ಮೂಗಿಗೆ ಬಿದ್ದರೆ ಊಟ ಸೇರುವುದಿಲ್ಲ.

ಆರನೇ ಕ್ಲಾಸಿನಲ್ಲಿ ನನ್ನ ಜೊತೆ ಹಿನಕಲ್ಲಿನ ನಿಂಗರಾಜು ಓದುತ್ತಿದ್ದ. ತಡವಾಗಿ ಶಾಲೆ ಸೇರಿದವನು, ನಮಗಿಂತ ಮೂರು ವರ್ಷ ದೊಡ್ಡವನು, ಬಾಗಿಲಲ್ಲಿ ನಿಂತರೆ ಒಳಗೆ ಬೆಳಕು ಕಮ್ಮಿಯಾಗುವಷ್ಟು ಅಗಲ. ಮನಸ್ಸು ಮಾತ್ರ ಬೆಣ್ಣೆ. ಮನೆಯ ಹೋರಿಕರುವಿಗೆ ಮೂಗುದಾರ ಹಾಕಿದ ದಿನ ಉಣ್ಣಲಾಗಲಿಲ್ಲವೆಂದು ತಾನೇ ಹೇಳಿ ನಾಚಿಕೊಂಡಿದ್ದ.

ಶಾಲೆಯ ಅಂಗಳದಲ್ಲಿ ಕಾಗೆ, ನಾಯಿಗಳ ಕಾಟ ಬಹಳ. ಹಾಗಾಗಿ ಮಧ್ಯಾಹ್ನ ಲಗೋರಿ ಆಡಲು ಓಡುವ ಪುಟ್ಟ ಮಕ್ಕಳು ತಮ್ಮ ಡಬ್ಬಿಗಳನ್ನು ನಿಂಗರಾಜುವಿನ ಹತ್ತಿರ ಬಿಟ್ಟು ಹೋಗುವುದು ರೂಢಿಯಾಗಿತ್ತು. ಅವನು ಹೊಂಗೆಮರದ ಕೆಳಗೆ ಡಬ್ಬಿಗಳನ್ನು ಸುತ್ತ ಜೋಡಿಸಿಕೊಂಡು, ಟವೆಲು ಬೀಸುತ್ತ ಕೂತಿರುತ್ತಿದ್ದ. ಆಟ ಮುಗಿದ ಮೇಲೆ ಯಾರದು ಯಾವುದೆಂದು ತಪ್ಪದೆ ಕೊಡುತ್ತಿದ್ದ.

ಆ ಮಕ್ಕಳ ತಿಂಡಿ ಕಿತ್ತುಕೊಳ್ಳುತ್ತಿದ್ದವನು ನನ್ನ ಸ್ವಂತ ಅಣ್ಣ ಶ್ರೀಧರ. ಏಳನೇ ಕ್ಲಾಸಿನ ಕಡ್ಡಿ ಪೈಲ್ವಾನ. ಡಬ್ಬಿ ಹಿಡಿದು ನಲ್ಲಿಯ ಹತ್ತಿರ ಬರುವ ಪುಟ್ಟವರ ಕಿವಿ ಹಿಂಡಿ ಇದ್ದದ್ದನ್ನೆಲ್ಲ ಬಾಚಿಕೊಳ್ಳುತ್ತಿದ್ದ. ಅವನ ಮೇಲೆ ಆಗಲೇ ಒಂದೆರಡು ದೂರು ಮನೆಗೆ ಬಂದಿದ್ದವು. "ಇನ್ನೊಂದು ಸಲ ಬಂತೋ, ಸ್ಕೂಲು ಬಿಡಿಸಿ ಅಂಗಡೀಲಿ ಪೊಟ್ಟಣ ಕಟ್ಟೋಕೆ ಕೂರಿಸ್ತೀನಿ" ಎಂದು ಅಪ್ಪ ಹೇಳಿದ್ದರು. ಅಪ್ಪ ಆಡಿದ ಮಾತು ತಪ್ಪುವವರಲ್ಲ.

ಡ್ರಾಯಿಂಗ್ ಮೇಷ್ಟ್ರು ಗೋಡೆಪತ್ರಿಕೆಗೆ ನಗೆಚಿತ್ರ ಬರೆದುಕೊಡು ಎಂದಾಗ ನನಗೆ ಹೊಳೆದದ್ದು ಅಣ್ಣನೇ. ಆದರೆ ಗುರುತು ಸಿಕ್ಕರೆ ಅವನ ಓದು ನಿಲ್ಲುತ್ತದೆ, ನನ್ನ ಜಡೆಯೂ ಉಳಿಯುವುದಿಲ್ಲ. ಅದಕ್ಕೆ ತೆಳ್ಳಗಿದ್ದವನನ್ನು ದಪ್ಪ ಮಾಡಿದೆ. ಕುಳ್ಳಗಿದ್ದವನನ್ನು ಎತ್ತರ ಮಾಡಿದೆ. ಕೋರೆಹಲ್ಲು, ಗುಡ್ಡೆಗಣ್ಣು ಇಟ್ಟೆ. ಕೈಯಲ್ಲಿ ಒಂದು ಡಬ್ಬಿ, ಮುಂದೆ ಅಳುವ ಪುಟ್ಟ ಹುಡುಗ. ನನ್ನ ಜಾಣತನಕ್ಕೆ ನಾನೇ ಬೀಗಿದೆ. ನಿಂಗರಾಜುವಿನ ನೆನಪು ಒಂದು ಸಲವೂ ಸುಳಿಯಲಿಲ್ಲ.

ಶನಿವಾರ ಬೆಳಿಗ್ಗೆ ಮೈದಾ ಅಂಟು ಒಣಗುವ ಮೊದಲೇ ಗೋಡೆಯ ಮುಂದೆ ಗುಂಪು ಸೇರಿತು.

"ಲೋ, ನಮ್ ನಿಂಗ ಕಣೋ" ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ನಿಂಗರಾಜುವೂ ನಕ್ಕ.

ಹೆಡ್‌ಮಾಸ್ಟರು ನಗಲಿಲ್ಲ. ಅವನನ್ನು ಕರೆಸಿದರು. "ಅದಕ್ಕೇನೋ ದಿನಾ ಮಕ್ಕಳ ಡಬ್ಬಿ ಇಟ್ಕೊಂಡು ಕೂತಿರೋದು?"

"ಕಾಯ್ತಿದ್ದೆ ಸಾ."

ಹೆಡ್‌ಮಾಸ್ಟರು ಪುಟ್ಟ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೇಳಿದರು, "ತಿಂಡಿ ಕಿತ್ಕೊಳ್ಳೋನು ಇವನೇನಾ?" ಮಕ್ಕಳು ಕಿಟಕಿಯಾಚೆ ನಿಂತಿದ್ದ ನನ್ನ ಅಣ್ಣನನ್ನು ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ಹೌದೆಂದು ತಲೆಯಾಡಿಸಿದರು. ನಾನು ಅಲ್ಲೇ ಇದ್ದೆ. ಬಾಯಿ ಬಿಟ್ಟಿದ್ದರೆ ಒಂದು ಮಾತಿನ ಕೆಲಸ. ಬಿಡಲಿಲ್ಲ. ನಿಂಗರಾಜುವಿನ ಎರಡೂ ಅಂಗೈಗೆ ಆರಾರು ಏಟು ಬಿದ್ದವು. ಅವನು ಕೈ ಹಿಂದಕ್ಕೆಳೆಯಲಿಲ್ಲ.

ಸೋಮವಾರ ಯಾರೂ ಅವನಿಗೆ ಡಬ್ಬಿ ಕೊಡಲಿಲ್ಲ. ಆದರೂ ಅವನು ಹೊಂಗೆಮರದ ಕೆಳಗೆ ಟವೆಲು ಹಿಡಿದು ಕೂತ. ಮಂಗಳವಾರವೂ ಕೂತ. ಬುಧವಾರ ಮಧ್ಯಾಹ್ನ ನನ್ನ ಹತ್ತಿರ ಬಂದು, ಜೇಬಿನಿಂದ ಒಂದು ಹಿಡಿ ಸೊಗಡವರೆಕಾಯಿ ತೆಗೆದು ಬೆಂಚಿನ ಮೇಲಿಟ್ಟ.

"ಚಿತ್ರ ಚೆಂದಾಗಿ ಬರ್ದಿದ್ದೀರ ಅಮ್ಮಣ್ಣಿ" ಅಂದ. "ನಾ ಯಾವತ್ತು ಕಿತ್ಕೊಂಡೆ ಅಂತ ನೆಪ್ಪಾಯ್ತಾ ಇಲ್ಲ. ನೀವು ಕಂಡಿದ್ರಾ?"

ಅವನು ಜಗಳಕ್ಕೆ ಬಂದಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದ. ಶಾಲೆಯೇ ಹೌದೆಂದ ಮೇಲೆ ತಾನು ಎಲ್ಲೋ ಮರೆತಿರಬೇಕು ಎಂದುಕೊಂಡಿದ್ದ. ನಾನು ತಲೆ ತಗ್ಗಿಸಿ ಅವರೆಕಾಯಿ ಬಿಡಿಸತೊಡಗಿದೆ.

"ಓಗ್ಲಿ ಬುಡಿ. ನನ್ ಮುಕ ಅಂಗೇ ಐತೇನೋ" ಎಂದು ಹೋದ.

ಗುರುವಾರದಿಂದ ಅವನು ಬರಲಿಲ್ಲ. ಹೊಲಕ್ಕೆ ಹೋಗುತ್ತಿದ್ದಾನಂತೆ ಎಂದು ಆ ಕಡೆಯಿಂದ ಬರುವ ಹುಡುಗರು ಹೇಳಿದರು. ಹಿನಕಲ್ಲು ನಡೆದೇ ಹೋಗುವಷ್ಟು ದೂರ. ಈ ಭಾನುವಾರ ಹೋಗಿ ಹೇಳಿಬಿಡೋಣ, ಮುಂದಿನ ಭಾನುವಾರ ಹೋಗೋಣ ಎನ್ನುತ್ತಲೇ ಅವರೆ ಮುಗಿಯಿತು, ಪರೀಕ್ಷೆ ಬಂತು, ನಾನು ಪಾಸಾದೆ.

ಅಣ್ಣ ಓದಿ ಆಫೀಸರಾದ. ಮೊನ್ನೆ ಕಾಫಿ ಕುಡಿಯುವಾಗ ಧೈರ್ಯ ಮಾಡಿ ವಿಷಯ ಎತ್ತಿದೆ. "ಯಾವ ನಿಂಗರಾಜು ಕಣೇ?" ಅಂದ. ಅವನು ನಟಿಸುತ್ತಿರಲಿಲ್ಲ.

ಈಗ ಹಿನಕಲ್ಲು ಮೈಸೂರಿನೊಳಗೇ ಇದೆ. ನಡುವಿನ ಹೊಲಗಳಿಲ್ಲ, ಹೊಂಗೆಮರವಿಲ್ಲ. ಒಮ್ಮೆ ಹೋಗಿ ನಿಂಗರಾಜುವಿನ ಬಗ್ಗೆ ವಿಚಾರಿಸಿದೆ. ಅಂಗಡಿಯ ಮುದುಕರೊಬ್ಬರು, "ಎಂಗಿದ್ರು ನೋಡಕೆ?" ಎಂದು ಕೇಳಿದರು. ಹೇಳಲು ಬಾಯಿ ತೆರೆದೆ. ಕಣ್ಣೆದುರಿಗೆ ಬಂದದ್ದು ಕೋರೆಹಲ್ಲು, ಗುಡ್ಡೆಗಣ್ಣು. ಎಷ್ಟು ಹುಡುಕಿದರೂ ಬೇರೆ ಮುಖ ಸಿಗಲಿಲ್ಲ.