ಅಮ್ಮನ ಉಸಿರಿನ ಸದ್ದು

ಅಮ್ಮನ ಮೂಗಿನ ಒಳಗೋಡೆ ಸೊಟ್ಟಗಿತ್ತು. ವರ್ಷಗಟ್ಟಲೆ ಮೂಗು ಕಟ್ಟಿ, ನಿದ್ದೆಗೆಟ್ಟು, ಕೊನೆಗೆ ಚಿಕ್ಕಬಳ್ಳಾಪುರದಲ್ಲಿ ಆಪರೇಷನ್ ಮಾಡಿಸಿಕೊಂಡಳು. ರಕ್ತ ಹೋಗಬಹುದು, ಸೋಂಕಾಗಬಹುದು, ವಾಸನೆ ತಿಳಿಯದೆ ಹೋಗಬಹುದು, ಅಪರೂಪಕ್ಕೆ ಗೋಡೆಯಲ್ಲಿ ತೂತು ಬೀಳಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆ ಕೊನೆಯ ಮಾತನ್ನು ಅಂದೇ ಕೇಳಿಸಿಕೊಂಡೆನೋ, ತೂತು ಬಿದ್ದ ಮೇಲೆ ನೆನಪಿಗೆ ಸೇರಿಸಿಕೊಂಡೆನೋ, ಈಗ ಹೇಳಲಾರೆ.

ಗಾಯ ಮಾಯಿತು, ಉಸಿರು ಸಲೀಸಾಯಿತು. ಆದರೆ ಆ ತೂತಿನಲ್ಲಿ ಗಾಳಿ ಹಾಯುವಾಗ ಸಣ್ಣಗೆ ಸಿಳ್ಳೆ ಹೊಡೆದಂತೆ ಸದ್ದು ಬರತೊಡಗಿತು.

"ಎಷ್ಟು ವಿಷಲ್ ಆಯ್ತಮ್ಮಾ? ಬೇಳೆ ಬೆಂದಿರ್ಬೇಕು, ಇಳಿಸ್ಬಿಡು" ಎಂದು ತಮ್ಮ ರೇಗಿಸುತ್ತಿದ್ದ.

"ನಿನ್ ತಲೇಲಿರೋದು ಇನ್ನೂ ಬೇಯ್ಬೇಕು ಕಣೋ" ಎಂದು ಅಮ್ಮನೂ ನಗುತ್ತಿದ್ದಳು.

ಮುಲಾಮು ಹಚ್ಚಿದರೆ ಸ್ವಲ್ಪ ಹೊತ್ತು ತಗ್ಗುತ್ತಿತ್ತು. ಇನ್ನೊಂದು ಆಪರೇಷನ್ ಮಾಡಿ ಮುಚ್ಚಬಹುದು, ಗ್ಯಾರಂಟಿ ಇಲ್ಲ ಎಂದರು. ಅಮ್ಮ ಬೇಡವೆಂದಳು.

ಗೌರಿಬಿದನೂರಿನ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಅಮ್ಮ ಹೋಗಿ ಹೆಂಗಸರ ನಡುವೆ ಕೂರುತ್ತಿದ್ದಳು. ಸಮಾಧಾನದ ಮಾತು ಅವಳಿಗೆ ಬರುತ್ತಿರಲಿಲ್ಲ. ಸುಮ್ಮನೆ ಪಕ್ಕದಲ್ಲಿರುವುದು ಬರುತ್ತಿತ್ತು. ಒಂದು ಸಾವಿನ ಮನೆಯಲ್ಲಿ ಹಾಗೆ ಎಲ್ಲರೂ ಮೌನವಾಗಿದ್ದಾಗ ಮೂಗು ಸದ್ದು ಮಾಡಿತಂತೆ. ಇಬ್ಬರು ಹುಡುಗಿಯರು ದುಪಟ್ಟಾ ಬಾಯಿಗೆ ಒತ್ತಿಕೊಂಡು ನಕ್ಕರಂತೆ. ಅಲ್ಲಿಂದಾಚೆ ಅಮ್ಮ ಸಾವಿನ ಮನೆಗಳಿಗೆ ಹೋಗುವುದನ್ನೇ ಬಿಟ್ಟಳು.

ಹೋದ ವರ್ಷ ಅಂಬಾಜಿದುರ್ಗದ ಹತ್ತಿರದ ಊರಲ್ಲಿ ಚಿಕ್ಕಮ್ಮ, ಅಮ್ಮನ ಒಬ್ಬಳೇ ತಂಗಿ, ತೀರಿಕೊಂಡಳು. ಚಿಂತಾಮಣಿಯಿಂದ ಆಟೋದಲ್ಲಿ ಹೋಗುವಾಗ ಅಮ್ಮ ಮೂಗಿಗೆ ಮುಲಾಮು ಹಚ್ಚಿಕೊಂಡಳು. ಆದರೂ ಬಾಗಿಲವರೆಗೆ ಬಂದವಳು ಹೊಸಿಲು ದಾಟದೆ ಹೊರಗಿನ ಜಗಲಿಯ ಮೇಲೆ ಕೂತುಬಿಟ್ಟಳು. ಒಳಗೆ ಹೆಂಗಸರು ಗೋಳಾಡುತ್ತಿದ್ದರು.

"ಇಷ್ಟು ಅಳೋವಾಗ ಯಾರಿಗೆ ಕೇಳ್ಸತ್ತಮ್ಮಾ? ಒಳಗ್ ಹೋಗಣ ಬಾ" ಎಂದೆ.

"ಅಳು ನಿಂತ್ಮೇಲೆ?" ಎಂದಳು.

ಚಿಕ್ಕಮ್ಮನ ಮಗಳು ಮತ್ತೆ ಮತ್ತೆ ಬಾಗಿಲಿಗೆ ಬಂದು, "ದೊಡ್ಡಮ್ಮ, ಅಮ್ಮನ ಹತ್ರ ಬಾ" ಎಂದು ಕರೆದಳು. ಅಮ್ಮ ತಲೆಯಾಡಿಸಿದಳು, ಏಳಲಿಲ್ಲ. ಹೆಣ ಹೊರಗೆ ತಂದಾಗಲೇ ತಂಗಿಯ ಮುಖ ನೋಡಿದ್ದು. ಆಗ ಅಮ್ಮನ ಬಾಯಿ ತೆರೆದೇ ಇತ್ತು. ಅಳುತ್ತಿದ್ದಳೆಂದು ಡೈರಿಯಲ್ಲಿ ಬರೆದಿದ್ದೇನೆ. ಅಳುತ್ತಿದ್ದಳೋ, ಮೂಗಿನ ಸದ್ದು ಬಾರದಿರಲೆಂದು ಬಾಯಲ್ಲಿ ಉಸಿರಾಡುತ್ತಿದ್ದಳೋ, ಹೇಗೆ ಹೇಳಲಿ?

ಹೊರಡುವಾಗ ಚಿಕ್ಕಮ್ಮನ ಮಗಳು ಅಮ್ಮನ ಎದುರು ನಿಂತು ಕೇಳಿಯೇಬಿಟ್ಟಳು: "ಒಡಹುಟ್ಟಿದೋಳ ಪಕ್ಕ ಒಂದ್ ಗಳಿಗೆ ಕೂತ್ಕೊಳಕ್ಕೂ ಆಗ್ಲಿಲ್ವಾ ನಿಂಗೆ?"

ನಾನು ಕಾರಣ ಹೇಳಹೊರಟೆ. ಅಮ್ಮ ನನ್ನ ತೋಳು ಹಿಡಿದು ಒತ್ತಿದಳು.

"ಸುಸ್ತಾಗಿತ್ತು ಕಣಮ್ಮ" ಎಂದಳು.

ಅವಳು ನಂಬಲಿಲ್ಲ. ಅವತ್ತಿನಿಂದ ಫೋನ್ ಮಾಡಿಲ್ಲ.