ಸೊಸೆಯ ಪರೀಕ್ಷೆಗೆ ಸಾತನೂರಿನಿಂದ ಗ್ರಾಜ್‌ವರೆಗೆ

ಸಾತನೂರಿನಿಂದ ಕನಕಪುರಕ್ಕೆ ಬೆಳಗಿನ ಸರ್ಕಾರಿ ಬಸ್ಸಿನಲ್ಲೇ ಹೊರಟೆವು. ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ, ಮೊಮ್ಮಗಳು ತನುವಿಗೂ ಇಲ್ಲ. ಹೀಗೆ ನನ್ನ ಮೊದಲ ವಿದೇಶ ಪ್ರಯಾಣದ ಮೊದಲ ಹಂತ ಪುಕ್ಕಟೆಯಾಗಿ ಮುಗಿಯಿತು. ಮಗ ಮಹೇಶ ಕನಕಪುರದವರೆಗೆ ಬಂದು, ಪೆಟ್ಟಿಗೆಗಳನ್ನು ವಿಮಾನ ನಿಲ್ದಾಣದ ಬಾಡಿಗೆ ಕಾರಿಗೆ ತುಂಬಿಸಿದ. ಅವನು ನಮ್ಮ ಜೊತೆ ಬರುವಂತಿರಲಿಲ್ಲ. ಮನೆಯಲ್ಲಿ ರೇಷ್ಮೆಹುಳ ಪೊರೆ ಕಳಚುವ ಕೊನೆಯ ಜ್ವರದಿಂದ ಎದ್ದು ಹಗಲೂ ರಾತ್ರಿ ಸೊಪ್ಪು ತಿನ್ನುವ ಹೊತ್ತು.

ಅವನ ಹೆಂಡತಿ ವೀಣಾ ಆಸ್ಟ್ರಿಯಾ ದೇಶದ ಗ್ರಾಜ್ ಎಂಬ ಊರಲ್ಲಿ ಸಾಫ್ಟ್‌ವೇರ್ ಎಂಜಿನಿಯರಿಂಗ್ ಮತ್ತು ಮ್ಯಾನೇಜ್‌ಮೆಂಟ್‌ನಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದಳು. ಅದರ ಕೊನೆಯ ಮೌಖಿಕ ಪರೀಕ್ಷೆಯನ್ನು ಮನೆಯವರೂ ಹೋಗಿ ಕೂತು ನೋಡಬಹುದಂತೆ. ಅವಳಿಗೆ ಅಲ್ಲಿ ಸೀಟು ಸಿಕ್ಕಾಗ ತನು ಇನ್ನೂ ಗೋಡೆ ಹಿಡಿದು ಹೆಜ್ಜೆ ಇಡುತ್ತಿದ್ದಳು. "ಮುಂದಿನ ವರ್ಷ ನೋಡುವಾ ಅತ್ತೆ" ಎಂದಿದ್ದಳು ವೀಣಾ. ಸರ್ಕಾರಿ ಶಾಲೆಯಲ್ಲಿ ಇಡೀ ಆಯುಷ್ಯ ಪಾಠ ಹೇಳಿದವಳು ನಾನು. ಮುಂದಿನ ವರ್ಷ ಎಂದ ಹೆಣ್ಣುಮಕ್ಕಳು ಮತ್ತೆ ಶಾಲೆಯ ಬಾಗಿಲಿಗೆ ಬಂದದ್ದನ್ನು ಕಂಡಿಲ್ಲ. ಹೋಗು ಎಂದು ನಾನೇ ಹಟ ಹಿಡಿದೆ. ರಜೆಯಲ್ಲೂ ಅಲ್ಲೇ ದುಡಿಯುತ್ತಿದ್ದುದರಿಂದ ಅವಳಿಗೆ ನಡುವೆ ಒಮ್ಮೆಯೂ ಬರಲಾಗಲಿಲ್ಲ. ತನು ಅವಳನ್ನು 'ಫೋನಮ್ಮ' ಎಂದು ಕರೆಯಲು ಕಲಿತಿದ್ದಳು.

ಅಂದು ಬೆಳಗಿನ ಬಸ್ಸಿನಲ್ಲಿ ಕೋಡಿಹಳ್ಳಿ ಕಡೆಯ ಪರಿಚಯದ ಹೆಂಗಸೊಬ್ಬಳು ಪಕ್ಕದಲ್ಲಿ ಕೂತಿದ್ದಳು. "ಕೂಸ್ನ ಬುಟ್ಟು ಹೋದವ್ಳನ್ನ ನೋಡಾಕೆ ನೀವೇ ಹೊಂಟಿದ್ದೀರಾ ಟೀಚರಮ್ಮ?" ಎಂದಳು.

"ಬುಟ್ಟು ಹೋಗ್ಲಿಲ್ಲ ಕಣವ್ವ, ನಾನೇ ಕಳ್ಸಿದ್ದು" ಎಂದೆ. ಬಾಯಲ್ಲಿ ಹಾಗೆ ಹೇಳಿದೆನೇ ಹೊರತು, ಮಗು ತಾಯಿಯ ಹತ್ತಿರ ಹೋಗದಿದ್ದರೆ ಏನು ಗತಿ ಎಂಬ ಅಳುಕು ನನ್ನೊಳಗೂ ಇತ್ತು.

ವಿಮಾನದಲ್ಲಿ ತನು ಹೆಚ್ಚು ಹೊತ್ತು ನಿದ್ದೆ ಮಾಡಿದಳು. ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಬೇಕಿತ್ತು. ನಡೆದಷ್ಟೂ ಮುಗಿಯದ ನಿಲ್ದಾಣ. ಕಟ್ಟಿಕೊಂಡು ಹೋಗಿದ್ದ ಚಪಾತಿ, ಕಡ್ಲೆಬೀಜದ ಚಟ್ನಿಪುಡಿ ಅಲ್ಲಿ ನಮ್ಮನ್ನು ಕಾಪಾಡಿದವು. ಎದುರು ಕೂತಿದ್ದ ವಯಸ್ಸಾದ ಜರ್ಮನ್ ಹೆಂಗಸು ಮಗುವಿಗೆ ಚಾಕೊಲೇಟ್ ಕೊಟ್ಟಳು. ನಾನು ಅವಳಿಗೆ ಚಟ್ನಿಪುಡಿ ಸವರಿದ ಚೂರು ಚಪಾತಿ ಕೊಟ್ಟೆ. ತಿಂದವಳೇ ಕಣ್ಣೊರೆಸಿಕೊಂಡು ನಕ್ಕಳು, ಇನ್ನೊಂದು ಚೂರಿಗೆ ಕೈ ಚಾಚಿದಳು.

ವಿಯೆನ್ನಾದಲ್ಲಿ ಹೊರಬಂದಾಗ ವೀಣಾ ಕಂಬಿಗೆ ಒರಗಿ ನಿಂತಿದ್ದಳು. ಸೊರಗಿದ್ದಳು, ಕೂದಲು ಕತ್ತರಿಸಿಕೊಂಡಿದ್ದಳು. ನಮ್ಮನ್ನು ಕಂಡದ್ದೇ ಓಡಿ ಬಂದು ಮಂಡಿಯೂರಿದಳು. ತನು ಅವಳ ಮುಖವನ್ನೇ ನೋಡಿ, ನನ್ನ ಸೀರೆಯ ಹಿಂದೆ ಹೋದಳು. "ಫೋನಲ್ಲಿರೋ ಅಮ್ಮ ಬೇರೆ" ಎಂದಳು. ವೀಣಾ ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡಳು. "ಇರ್ಲಿ ಬುಡಿ ಅತ್ತೆ, ಬಲವಂತ ಮಾಡ್ಬೇಡಿ" ಎಂದು ಪೆಟ್ಟಿಗೆ ಎತ್ತಿಕೊಂಡಳು.

ಗ್ರಾಜ್‌ಗೆ ರೈಲಿನಲ್ಲಿ ಎರಡೂವರೆ ಗಂಟೆಗೂ ಮಿಕ್ಕಿದ ಪ್ರಯಾಣ. ಬೆಟ್ಟಗಳ ನಡುವೆ ಹಳಿ ಬಳಸಿ ಬಳಸಿ ಏರುತ್ತದೆ, ಸುರಂಗದ ಮೇಲೆ ಸುರಂಗ. ಒಂದು ಸುರಂಗ ದಾಟುವಷ್ಟರಲ್ಲಿ ಹೊರಗೆ ಮಂಜು ಬಿದ್ದಿತ್ತು. ಬಂಡೆಬೆಟ್ಟ ನೋಡಿ ಬೆಳೆದ ನನಗೆ ಬಿಳಿ ಬೆಟ್ಟ ನಂಬುವುದು ಕಷ್ಟವಾಯಿತು. ತನು ಕಿಟಕಿಗೆ ಮೂಗು ಒತ್ತಿಕೊಂಡಿದ್ದಳು. ವೀಣಾ ಎದುರು ಸೀಟಿನಲ್ಲಿ ಕೂತು ಮಗುವನ್ನಷ್ಟೇ ನೋಡುತ್ತಿದ್ದಳು.

ಊರು ಚೊಕ್ಕಟವಾಗಿದೆ. ನಡುವೆ ಮೂರ್ ಎಂಬ ಹೊಳೆ, ಕೆಂಪು ಹೆಂಚಿನ ಮನೆಗಳು, ಬೀದಿಯಲ್ಲೇ ಓಡುವ ಟ್ರಾಮ್. ಹಸಿ ಸೊಪ್ಪಿನ ಮೇಲೆ ಕುಂಬಳಬೀಜದ ಕಡುಹಸಿರು ಎಣ್ಣೆ ಸುರಿದು ಕೊಡುತ್ತಾರೆ. ನೋಡಿದರೆ ಗಾಡಿಗೆ ಹಾಕುವ ಎಣ್ಣೆಯಂತಿದ್ದರೂ ರುಚಿ ಹುರಿದ ಕಡ್ಲೆಬೀಜದ್ದು. ವೀಣಾಳ ಕೋಣೆ ನಮ್ಮ ರೇಷ್ಮೆಹುಳದ ಮನೆಯ ಕಾಲುಭಾಗದಷ್ಟಿತ್ತು. ಆ ಸಂಜೆ ಅವಳು ಅನ್ನ, ಹುರುಳಿಕಾಳಿನ ಸಾರು ಮಾಡಿದಳು. ತನು ನನ್ನ ಕೈತುತ್ತನ್ನೇ ತಿಂದಳು.

ಪರೀಕ್ಷೆ ಮರುದಿನ ಬೆಳಗ್ಗೆ. ವಿಶ್ವವಿದ್ಯಾಲಯದ ಸಣ್ಣ ಕೋಣೆ, ಮೂವರು ಪರೀಕ್ಷಕರು, ಹಿಂದಿನ ಸಾಲಿನಲ್ಲಿ ಒಂದಷ್ಟು ಸಹಪಾಠಿಗಳು, ನಾವಿಬ್ಬರು. ಸಾಫ್ಟ್‌ವೇರ್ ಬರೆಯುವುದಷ್ಟೇ ಅಲ್ಲ, ಅದನ್ನು ಬರೆಯುವ ಜನರನ್ನೂ ಗಡುವನ್ನೂ ತಪ್ಪುಗಳನ್ನೂ ನಿಭಾಯಿಸುವುದು ಇವರ ಓದು. ಆಸ್ಪತ್ರೆಗಳ ಸಾಫ್ಟ್‌ವೇರ್‌ನಲ್ಲಿ ಒಂದು ಕಡೆ ತಿದ್ದಿದ್ದು ಇನ್ನೊಂದು ಕಡೆ ಕೆಡದಂತೆ ದೊಡ್ಡ ತಂಡಗಳು ಹೇಗೆ ಕೆಲಸ ಹಂಚಿಕೊಳ್ಳಬೇಕು ಎಂಬುದನ್ನು ವೀಣಾ ಆರಿಸಿಕೊಂಡಿದ್ದಳು. ತಡವರಿಸದೆ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು.

ನಡುವೆ ತನು ಗಟ್ಟಿಯಾಗಿ ಕೇಳಿಬಿಟ್ಟಳು: "ಅಜ್ಜಿ, ಎಲ್ರೂ ಸುಮ್ಕೆ ಕೂತವ್ರೆ, ಅವ್ಳೊಬ್ಳೇ ಯಾಕೆ ಮಾತಾಡ್ತಾವ್ಳೆ?"

ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಹಿರಿಯ ಪರೀಕ್ಷಕಿ ಮಗು ಏನಂದಿತು ಎಂದು ವಿಚಾರಿಸಿದರು. ವೀಣಾ ಇದ್ದದ್ದನ್ನು ಇದ್ದಂತೆ ಹೇಳಿದಳು. ಕೋಣೆಯೆಲ್ಲ ನಕ್ಕಿತು.

ಆಮೇಲೆ ಅದೇ ಪರೀಕ್ಷಕಿ ಕಠಿಣವಾಗಿ ಕೇಳಿದರು. ಈ ವಿಧಾನ ದೊಡ್ಡ ತಂಡಕ್ಕೆ ಸರಿ, ನಾಲ್ಕು ಜನರ ಸಣ್ಣ ತಂಡಕ್ಕೂ ನಡೆಯುತ್ತದೆಯೇ? "ಗೊತ್ತಿಲ್ಲ. ನಾನು ಅದನ್ನು ಪರೀಕ್ಷಿಸಿಲ್ಲ" ಎಂದಳು ವೀಣಾ. ನಂತರ ಎದ್ದು ಹೋಗಿ, ಪರೀಕ್ಷಿಸುವುದಾದರೆ ಹೇಗೆ ಮಾಡಬಹುದು ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದಳು. ಗೊತ್ತಿಲ್ಲ ಎನ್ನಲು ನಾಚದ ಮಕ್ಕಳನ್ನು ತರಗತಿಯಲ್ಲಿ ಬಹಳ ಕಡಿಮೆ ಕಂಡಿದ್ದೇನೆ. ಆ ಗಳಿಗೆಯಲ್ಲಿ, ಫಲಿತಾಂಶಕ್ಕೂ ಮೊದಲೇ, ನನಗೆ ಹೆಮ್ಮೆಯಾಯಿತು.

ನಮ್ಮನ್ನೆಲ್ಲ ಹೊರಗೆ ಕಳಿಸಿ, ಮತ್ತೆ ಒಳಗೆ ಕರೆದರು. ಅತ್ಯುನ್ನತ ದರ್ಜೆಯಲ್ಲಿ ಪಾಸು. ವೀಣಾ ಎಲ್ಲರ ಕೈ ಕುಲುಕಿ ಬಂದು, ಅಷ್ಟು ಜನರ ಮುಂದೆ ನನ್ನ ಕಾಲು ಮುಟ್ಟಿದಳು.

ಮಧ್ಯಾಹ್ನ ಊರ ನಡುವಿನ ಕೋಟೆಬೆಟ್ಟ ಹತ್ತಿದೆವು. ಮೇಲೆ ಹಳೆಯ ಗಡಿಯಾರ ಗೋಪುರವಿದೆ, ಅದರ ಉದ್ದನೆಯ ಮುಳ್ಳು ಗಂಟೆ ತೋರಿಸುತ್ತದೆ, ಗಿಡ್ಡದ್ದು ನಿಮಿಷ. ಮೆಟ್ಟಿಲು ನೆಟ್ಟಗೆ ಏರುತ್ತವೆ. ಅರ್ಧ ದಾರಿಗೆ ತನು ಕಾಲು ನೋವು ಎಂದು ಕೂತಳು. ಎತ್ತಿಕೊಳ್ಳಲು ಬಗ್ಗಿದೆ.

"ನೀನು ಬ್ಯಾಡ, ನಿಂಗೂ ಸುಸ್ತಾಗೈತೆ" ಎಂದು ನನ್ನನ್ನು ದಾಟಿಕೊಂಡು ಹೋಗಿ, ವೀಣಾಳ ಮುಂದೆ ಎರಡೂ ಕೈ ಎತ್ತಿ ನಿಂತಳು. ವೀಣಾ ಅವಳನ್ನು ಎತ್ತಿ ಕೋಟಿನೊಳಗೆ ಹುದುಗಿಸಿಕೊಂಡು ಮೆಟ್ಟಿಲು ಹತ್ತತೊಡಗಿದಳು. ಹಿಂದೆ ಬರುತ್ತಿದ್ದ ನನ್ನ ಕೈಗಳು ಹಗುರಾಗಿದ್ದವು. ಒಸಿ ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ.

ವಾರ ಕಳೆದು ಮೂವರೂ ಒಟ್ಟಿಗೆ ಊರಿಗೆ ಹೊರಟೆವು. ಬಿಡದಿಯ ಕಂಪನಿಯೊಂದು ವೀಣಾಳಿಗೆ ತಂಡ ನಡೆಸುವ ಕೆಲಸ ಕೊಟ್ಟಿತ್ತು. ರೈಲು ಗ್ರಾಜ್ ಬಿಟ್ಟಾಗ ಗೋಪುರ ಮರೆಯಾಗುವವರೆಗೂ ನಾನು ಹಿಂತಿರುಗಿ ನೋಡುತ್ತಲೇ ಇದ್ದೆ. ಟಿಕೆಟ್ ನೋಡಲು ಬಂದ ದಪ್ಪ ಮೀಸೆಯ ಅಧಿಕಾರಿಗೆ, ಟಿಕೆಟ್ ತೋರಿಸುವ ಮೊದಲೇ, ವೀಣಾಳ ಕಡೆ ಕೈ ಮಾಡಿ ನನ್ನ ಮೇಷ್ಟ್ರ ಇಂಗ್ಲಿಷಿನಲ್ಲಿ "ಅವರ್ ಗರ್ಲ್. ಮಾಸ್ಟರ್ ಡಿಗ್ರಿ. ಫಸ್ಟ್ ಕ್ಲಾಸ್" ಎಂದೆ.

"ಅಯ್ಯೋ ಅತ್ತೆ, ಸುಮ್ನಿರಿ" ಎಂದು ವೀಣಾ ಮುಖ ಮುಚ್ಚಿಕೊಂಡಳು. ಆತ ಅವಳಿಗೆ ಜರ್ಮನ್‌ನಲ್ಲಿ ಏನೋ ಹೇಳಿ, ನನಗೂ ತಲೆಬಾಗಿ ಹೋದ.

"ಏನಂದ?"

"ಅಭಿನಂದನೆ ಅಂದ್ರು. ನಿಮ್ಮಮ್ಮನಿಗೂ ಹೇಳಿ ಅಂದ್ರು."

"ಅಮ್ಮ ಅಲ್ಲ, ಅತ್ತೆ ಅಂತ ತಿದ್ಬೋದಾಗಿತ್ತಲ್ಲವ್ವ."

ವೀಣಾ ಮಡಿಲಲ್ಲಿ ಮಲಗಿದ್ದ ಮಗುವಿನ ಟೋಪಿ ಸರಿಮಾಡಿದಳು. "ತಪ್ಪಿದ್ರೆ ತಾನೆ ತಿದ್ದೋದು" ಎಂದಳು.