ಪೆನ್ನಿಯ ಭಾರಕ್ಕೆ ಸವೆದ ಹಾಡು

ಒರ್ಡೆಲ್ ಪೀಬಲ್ಸ್ ನಮ್ಮ ಉತ್ತರ ಫಿಲಡೆಲ್ಫಿಯಾದಲ್ಲಿ ಮೂವತ್ತು ವರ್ಷ ಟ್ರಾಲಿ, ಅಂದರೆ ಬೀದಿಯ ಹಳಿಬಂಡಿ, ಓಡಿಸಿದ. ನಿಲ್ದಾಣಗಳ ಹೆಸರನ್ನು ಅವನು ಕೂಗುತ್ತಿರಲಿಲ್ಲ, ಸುಮ್ಮನೆ ಹೇಳುತ್ತಿದ್ದ. ಕೂತವರ ಕಾಲ ಕೆಳಗಿನ ಹಲಗೆ ನಡುಗುತ್ತಿತ್ತು. ಅಷ್ಟು ತಗ್ಗಿನ ದನಿ. ಯಾರಾದರೂ ಹೊಗಳಿದರೆ, "ನೆಗಡಿ ಆಗಿದೆ, ಇಳೀರಿ ಇಳೀರಿ" ಎನ್ನುತ್ತಿದ್ದ.

ನಾನು ಅವನನ್ನು ಮಾಮ ಎನ್ನುತ್ತಿದ್ದೆ. ರಕ್ತಸಂಬಂಧವೇನಿಲ್ಲ, ನನ್ನಪ್ಪ ಕ್ಲಿಯೋಫಸ್‌ನ ಜೀವದ ಗೆಳೆಯ. ಸಾವಿರದ ಒಂಬೈನೂರ ಐವತ್ತಾರರಲ್ಲಿ, ಹುಡುಗರಾಗಿದ್ದಾಗ, ಇವರಿಬ್ಬರೂ ಇನ್ನೂ ಮೂವರೂ ಹಾಡಿನ ಗುಂಪು ಕಟ್ಟಿಕೊಂಡು ಮನೆಮಂದಿಗೆಲ್ಲ ತಲೆನೋವಾಗಿದ್ದರು. ಅಪಾರ್ಟ್‌ಮೆಂಟಿನ ಕಲ್ಲುಮೆಟ್ಟಿಲ ಮೇಲೆ ದನಿ ಚೆನ್ನಾಗಿ ಮೊಳಗುತ್ತದೆಂದು ದಿನವಿಡೀ ಅಲ್ಲೇ ಹಾಡುವುದು. ಮೇಲಿನ ಮಹಡಿಯ ಹೆಂಗಸರು ನೀರು ಸುರಿಯುವುದು. ಅಪ್ಪ ಮುಂದೆ ನಿಂತು ಹಾಡುವವನು, ಮಾಮ ಕೆಳಗಿಂದ ಡೂಂ ಡೂಂ ಎನ್ನುವವನು. ಒಂದೇ ಒಂದು ರೆಕಾರ್ಡ್ ಮಾಡಿದರು, ಯಾವುದೋ ಚಪ್ಪಲಿ ಅಂಗಡಿಯ ಹಿಂದಿನ ಕೋಣೆಯಲ್ಲಿ. ಎರಡು ವಾರ ರೇಡಿಯೋದಲ್ಲಿ ಬಂತು, ಆಮೇಲೆ ಯಾರೂ ಕೇಳಲಿಲ್ಲ. ನನಗೆ ಒಂದು ವರ್ಷವಾದಾಗ ಅಪ್ಪ ಹಡಗುಕಟ್ಟೆಯಲ್ಲಿ ಬಿದ್ದು ತೀರಿಕೊಂಡ.

ಆ ಹುಡುಗರಲ್ಲಿ ಒಂದು ಕಟ್ಟಳೆಯಿತ್ತು. ಒಬ್ಬ ಬಾರದಿದ್ದರೆ ಅವನ ಪಾಲಿನ ಹಾಡನ್ನು ಬಿಡುವಂತಿಲ್ಲ. ಅವನು ಬರುವವರೆಗೆ ಪಕ್ಕದಲ್ಲಿದ್ದವನು ಹೊರಬೇಕು. ನನ್ನಪ್ಪ ಬರಲಿಲ್ಲ. ಮಾಮ ಹೊರುವುದನ್ನು ನಿಲ್ಲಿಸಲೂ ಇಲ್ಲ.

ಪ್ರತಿ ಭಾನುವಾರ ಚರ್ಚು ಮುಗಿದ ಮೇಲೆ ಅವನ ಮನೆಯ ನೆಲಮಾಳಿಗೆಗೆ ನನ್ನನ್ನು ಕರೆದೊಯ್ದು ಆ ರೆಕಾರ್ಡ್ ಹಾಕುತ್ತಿದ್ದ. ಅಮ್ಮ ಬರುತ್ತಿರಲಿಲ್ಲ. ಹಾಡಿನ ಹೆಸರೆತ್ತಿದರೆ ಸಾಕು, ಅವಳು ಪಾತ್ರೆ ತೊಳೆಯುವ ಸದ್ದು ಜೋರಾಗುತ್ತಿತ್ತು. ಎರಡನೆಯ ಚರಣದಲ್ಲಿ ಸೂಜಿ ನೆಗೆಯುತ್ತದೆಂದು ನಮ್ಮವರೆಲ್ಲ ಮಾಡುವಂತೆ ಮಾಮನೂ ಗ್ರಾಮಫೋನಿನ ತೋಳಿನ ಮೇಲೆ ಒಂದು ಪೆನ್ನಿ ನಾಣ್ಯ ಇಟ್ಟ. ಸೂಜಿ ನೆಗೆಯಲಿಲ್ಲ ನಿಜ. ಭಾರಕ್ಕೆ ರೆಕಾರ್ಡಿನ ಗೆರೆಯೇ ಸವೆದುಹೋಯಿತು. ನನಗೆ ಬುದ್ಧಿ ಬರುವ ಹೊತ್ತಿಗೆ, ಅಪ್ಪ ಮೇಲಿನ ಸ್ವರಕ್ಕೆ ಏರುವ ಜಾಗದಲ್ಲಿ ಬರೀ ಬಾಣಲೆಯಲ್ಲಿ ಮೀನು ಕರಿಯುವ ಸದ್ದು. ಅಲ್ಲಿಗೆ ಬಂದಾಗ ಮಾಮ ಎದ್ದುನಿಂತು, ಕಣ್ಣುಮುಚ್ಚಿ, ಕಳ್ಳದನಿಯಲ್ಲಿ ಆ ಸ್ವರವನ್ನು ತಾನೇ ಹಾಡುತ್ತಿದ್ದ. ಆರಡಿ ಮನುಷ್ಯನ ಬಾಯಿಂದ ಅಷ್ಟು ಎಳೆಯ ದನಿ! ನಾನು ಬಿದ್ದು ಬಿದ್ದು ನಗುತ್ತಿದ್ದೆ.

"ನಗಬೇಡ್ವೇ ಡೆಲ್ಫೀನ್. ನಿಮ್ಮಪ್ಪ ಇದನ್ನ ಗಂಟೆ ಹೊಡೆದ ಹಾಗೆ ಹಾಡ್ತಿದ್ದ. ಒಂದು ದಿನಾನೂ ತಪ್ಪಲಿಲ್ಲ."

ಆ ಮಾತು ನನಗೆ ಮುಳ್ಳಾಯಿತು. ಚರ್ಚಿನಲ್ಲಿ ನಾನೂ ಹಾಡುತ್ತಿದ್ದೆ. ಮೇಲೇರುವಾಗ ನನ್ನ ದನಿ ಒಡೆಯುತ್ತಿತ್ತು. ಹಾಡಿಸುವಾಕೆ ನನ್ನನ್ನು ಹಿಂದಿನ ಸಾಲಿಗೆ ತಳ್ಳಿದಳು. ಗಂಟೆಯಂಥವನ ಮಗಳು ಒಡಕು ತಗಡು. ಅಪ್ಪನ ಒಂದೇ ಒಂದು ಗುರುತನ್ನೂ ನಾನು ಹೊತ್ತು ಬಂದಿಲ್ಲವೆಂದು ಎಷ್ಟು ಸಲ ಅತ್ತಿದ್ದೇನೋ ಲೆಕ್ಕವಿಲ್ಲ.

ನನಗೆ ಇಪ್ಪತ್ತೆರಡಾದ ವರ್ಷ, ಒಂದು ಭಾನುವಾರ ಮಾಮ ಮೇಲೆ ಒಲೆಯಲ್ಲಿದ್ದ ಮೆಕ್ಕೆಜೋಳದ ರೊಟ್ಟಿ ನೋಡಿಕೊಳ್ಳುತ್ತಿದ್ದಾಗ, ರೆಕಾರ್ಡ್ ತೆಗೆಯಲು ನಾನೊಬ್ಬಳೇ ಕೆಳಗಿಳಿದೆ. ಹಳೆಯದರ ಹಿಂದೆ ಇನ್ನೊಂದಿತ್ತು. ಅದೇ ಹಳದಿ ಚೀಟಿ, ಅದೇ ಹಾಡು, ಒಂದು ಗೀರೂ ಇಲ್ಲ.

"ಮಾಮಾ! ಇದು ಯಾವಾಗ ಬಂತು?"

ಅವನು ಮೆಟ್ಟಿಲ ಮೇಲೆಯೇ ನಿಂತ. "ಚರ್ಚಿನ ಹಳೇ ಸಾಮಾನಿನ ಮಾರಾಟದಲ್ಲಿ ಸಿಕ್ತು. ನಾಲ್ಕು ತಿಂಗಳಾಯ್ತು."

"ನಾಲ್ಕು ತಿಂಗಳು! ನನ್ನಪ್ಪನ ದನೀನ ಬಚ್ಚಿಟ್ಕೊಂಡು ಕೂತಿದ್ದೀಯಲ್ಲ, ನಿಂಗೇನು ಬಂದಿತ್ತು ಧಾಡಿ?"

"ಬೇಡ ಮರಿ. ಹಳೇದೇ ಚೆನ್ನಾಗಿದೆ. ಅದನ್ನೇ ಹಾಕೋಣ."

"ಹಾಕ್ತೀಯೋ, ನಾನೇ ಹಾಕ್ಲೋ?"

ಅವನು ಕೆಳಗಿಳಿದ. ಅಭ್ಯಾಸಬಲದಿಂದ ಪೆನ್ನಿ ಇಡಲು ಹೋದ, ನಾನು ಕಿತ್ತುಕೊಂಡೆ. ಹಾಡು ಶುರುವಾಯಿತು. ಅಪ್ಪ ಹಾಡುವ ಮುನ್ನ ಉಸಿರೆಳೆದುಕೊಂಡದ್ದು ಕೇಳಿಸಿತು, ಅಷ್ಟು ಹತ್ತಿರವಿದ್ದ. ಎರಡನೆಯ ಚರಣ ಬಂತು. ಮಾಮ ಏಳಲಿಲ್ಲ, ತಲೆ ತಗ್ಗಿಸಿ ಕೂತ.

ಅಪ್ಪ ಏರಿದ, ಅರ್ಧಕ್ಕೇ ದನಿ ಒಡೆಯಿತು. ಥೇಟ್ ನನ್ನ ಹಾಗೆ. ಅದೇ ಜಾಗ, ಅದೇ ಬಿರುಕು. ಆ ಕ್ಷಣದಲ್ಲೇ ಕೆಳಗಿನ ಡೂಂ ಡೂಂ ನಿಂತುಹೋಗಿ, ಎಳೆಯದೊಂದು ಕಳ್ಳದನಿ ಎದ್ದುಬಂದು ಆ ಸ್ವರವನ್ನು ಮುಗಿಸಿತು. ಅದು ಯಾರದೆಂದು ನನಗೆ ಯಾರೂ ಹೇಳಬೇಕಿರಲಿಲ್ಲ.

ರೆಕಾರ್ಡ್ ಮುಗಿದು ಸುಮ್ಮನೆ ತಿರುಗುತ್ತಿತ್ತು.

"ಅಂಗಡಿಯವ್ನು ಎರಡನೇ ಸಲ ಹಾಡೋಕೆ ಬಿಡ್ಲಿಲ್ಲ," ಎಂದ ಮಾಮ. "ನಿಮ್ಮಪ್ಪ ಕ್ಲೀ ಆ ಸ್ವರದಲ್ಲಿ ಬಿದ್ದ, ನಾನು ಹಿಡ್ಕೊಂಡೆ. ಅವತ್ತೆಲ್ಲ ನಾಚಿಕೆಯಿಂದ ಅವನು ಮುಖ ಎತ್ಲಿಲ್ಲ. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೆ ಕಣೇ. ನಿನ್ನ ಮುಂದೆ ಅವನ ಮಾನ ಹೋಗೋದು ಬೇಡ ಅಂತ... ಬೇಜಾರಾಯ್ತಾ?"

ಬೇಜಾರಂತೆ! ನಾನು ಅಳುತ್ತಿದ್ದೆ, ನಗುತ್ತಿದ್ದೆ. ಎದ್ದುನಿಂತು ಆ ಚರಣವನ್ನೇ ಹಾಡಿದೆ. ಮೇಲೇರಿದೆ, ದನಿ ಒಡೆಯಿತು. ಆ ಒಡಕು ಕೇಳಿದ್ದೇ ಮಾಮ ತಲೆಯೆತ್ತಿ ನನ್ನ ಮುಖವನ್ನೇ ನೋಡಿದ, ಬಹಳ ದಿನದ ಮೇಲೆ ಯಾರೋ ಬಾಗಿಲಿಗೆ ಬಂದಂತೆ. ಆಮೇಲೆ ಕೂತಲ್ಲಿಂದಲೇ ಆ ಸ್ವರವನ್ನು ಹಿಡಿದುಕೊಂಡ.